ಕೆನ್ನೆಯೊಳಗಿನ ಹಚ್ಚೆಬೊಟ್ಟು

ದೊಡ್ಡವ್ವ ತೀರಿಕೊಂಡ ದಿನ ನನ್ನ ಜೇಬಿನಲ್ಲಿ ಟಾರ್ಚ್ ಇತ್ತು ಎಂದು ನನ್ನ ನೆನಪು. ಇರಲಿಲ್ಲ ಎಂದು ಅಕ್ಕನ ವಾದ. ‘ಮಟಮಟ ಮಧ್ಯಾನ್ದಾಗೆ ಯಾರಾದ್ರೂ ಬ್ಯಾಟ್ರಿ ಇಟ್ಕಂಡು ಓಡಾಡ್ತಾರೇನ್ಲಾ?’ ಎಂದು ಈಗಲೂ ಕೇಳುತ್ತಾಳೆ. ಅವಳ ಪ್ರಶ್ನೆಯಲ್ಲಿ ನ್ಯಾಯವಿದೆ. ನಾನು ಭೌತಶಾಸ್ತ್ರ ಓದಿದವನು. ಒಂದೇ ಸಂಗತಿಯನ್ನು ಇಬ್ಬರು ನೋಡಿ ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಪಕ್ಕಕ್ಕಿಟ್ಟು ಮತ್ತೆ ಅಳೆದು ನೋಡಬೇಕು ಎಂದು ನನಗೆ ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಇಲ್ಲಿ ಮತ್ತೆ ಅಳೆಯಲು ಏನೂ ಉಳಿದಿಲ್ಲ. ಹಾಗಾಗಿ ನನಗೆ ನೆನಪಿದ್ದ ಹಾಗೆ ಬರೆಯುತ್ತೇನೆ, ಅಕ್ಕ ಒಪ್ಪದ ಕಡೆ ಅದನ್ನೂ ಹೇಳುತ್ತೇನೆ.

ದೊಡ್ಡವ್ವ ನಮ್ಮವ್ವನ ಅಕ್ಕ. ಇಬ್ಬರೂ ಹುಟ್ಟಿದ್ದು ಪಾವಗಡ ಸೀಮೆಯಲ್ಲಿ, ವೈ.ಎನ್.ಹೊಸಕೋಟೆಯ ಹತ್ತಿರದ ಒಂದು ಹಳ್ಳಿಯಲ್ಲಿ. ಅಲ್ಲಿ ಮನೆಮಾತು ಅರ್ಧ ತೆಲುಗು. ದೊಡ್ಡವ್ವನನ್ನು ಕೊಟ್ಟದ್ದು ಕೊಡಿಗೇನಹಳ್ಳಿ ಕಡೆಯ, ಕುರಿ ಸಾಕುವ ಮನೆಗೆ. ಅವಳಿಗೆ ಮಕ್ಕಳಾಗಲಿಲ್ಲ. ನಮ್ಮವ್ವ ಬೇಗ ತೀರಿಕೊಂಡಳು, ಅಪ್ಪ ಇನ್ನೊಂದು ಮದುವೆಯಾಗಿ ದೂರವಾದ. ಅಕ್ಕನನ್ನೂ ನನ್ನನ್ನೂ ಬೆಳೆಸಿದವಳು ದೊಡ್ಡವ್ವನೇ.

ಅವಳ ಹುಬ್ಬುಗಳ ನಡುವೆ, ಒಂದಿಷ್ಟು ಮೇಲೆ, ಹಸಿರು ಹಚ್ಚೆಬೊಟ್ಟು ಇತ್ತು. ಒಂದು ಚುಕ್ಕೆ, ಅದರ ಕೆಳಗೆ ಅಕ್ಕಿಕಾಳಿನಷ್ಟು ಉದ್ದದ ಗೆರೆ. ಆ ಸೀಮೆಯ ಹೆಂಗಸರ ಹಣೆಯಲ್ಲಿ ಹಚ್ಚೆ ಇರುವುದು ವಿಶೇಷವೇನಲ್ಲ. ಸತ್ತವರ ಜೊತೆ ಒಡವೆ ಹೋಗುವುದಿಲ್ಲ, ಸೀರೆ ಹೋಗುವುದಿಲ್ಲ, ಹಚ್ಚೆ ಮಾತ್ರ ಹೋಗುತ್ತದೆ ಎಂಬುದು ಅವರ ನಂಬಿಕೆ. ಆದರೆ ದೊಡ್ಡವ್ವನ ಬೊಟ್ಟಿಗೆ ಬೇರೊಂದು ಕಥೆ ಇತ್ತು. ಅವಳ ತಾಯಿ, ಅಂದರೆ ನಮ್ಮಜ್ಜಿ, ಕೆಮ್ಮಿ ಕೆಮ್ಮಿ ರಕ್ತ ಉಗುಳುತ್ತಿದ್ದ ಕಾಲದಲ್ಲಿ ಹಚ್ಚೆ ಹಾಕುವವಳು ಊರಿಗೆ ಬಂದಳಂತೆ. ತಾನು ಹೆಚ್ಚು ದಿನ ಇರುವುದಿಲ್ಲ ಎಂದು ಅಜ್ಜಿಗೆ ಗೊತ್ತಿತ್ತು. ಮಗಳನ್ನು ಎರಡು ಮಂಡಿಗಳ ನಡುವೆ ಅಮುಕಿ ಹಿಡಿದುಕೊಂಡು, ತನ್ನ ಹಣೆಯಲ್ಲಿದ್ದಂಥದೇ ಚುಕ್ಕೆ ಮತ್ತು ಗೆರೆಯನ್ನು ಚುಚ್ಚಿಸಿದಳಂತೆ. ಮಗು ಕಿರುಚುತ್ತಿದ್ದಾಗ ಕಿವಿಯಲ್ಲಿ ಹೇಳಿದಳಂತೆ: ‘ಈ ಬೊಟ್ಟು ಚೂಸಿ ನಿನ್ನು ಗುರ್ತುಪಡ್ತಾನು.’ ನೀನು ಮುದುಕಿಯಾಗಿ ಬಂದರೂ ಈ ಬೊಟ್ಟು ನೋಡಿ ನಿನ್ನ ಗುರುತು ಹಿಡಿಯುತ್ತೇನೆ ಎಂದು.

ನಮ್ಮವ್ವ ಆಗ ತೊಟ್ಟಿಲ ಕೂಸು. ಅಷ್ಟು ಎಳೆಯ ಚರ್ಮಕ್ಕೆ ಸೂಜಿ ಹಾಕಲು ಹಚ್ಚೆಯವಳು ಒಪ್ಪಲಿಲ್ಲ, ಮುಂದಿನ ಸಲ ಬಂದಾಗ ಎಂದಳು. ಮುಂದಿನ ಸಲ ಅವಳು ಬರುವ ಹೊತ್ತಿಗೆ ಅಜ್ಜಿ ಇರಲಿಲ್ಲ. ತಾಯಿಯಿಲ್ಲದ ಮಗುವಿಗೆ ಹಚ್ಚೆ ಹಾಕಿಸುವ ನೆನಪು ಯಾರಿಗೆ ಬರುತ್ತದೆ.

ನಮ್ಮವ್ವ ಸತ್ತಾಗ ದೊಡ್ಡವ್ವ ಅವಳ ಹಣೆಯನ್ನು ಸವರುತ್ತಾ ಅತ್ತದ್ದು ಇದನ್ನೇ ಹೇಳಿಕೊಂಡು. ‘ಬೊಟ್ಟಿಲ್ದಿರಾ ಹೊಂಟವ್ಳೆ ಕಣಮ್ಮ. ಅವ್ವ ಇವಳ್ನ ನೋಡಿದ್ದು ತೊಟ್ಲಾಗೆ. ಈಗ ಹೆಂಗೆ ಗುರ್ತು ಹಿಡೀತಾಳೆ?’ ಒಂದಿಷ್ಟು ಹೊತ್ತಾದ ಮೇಲೆ ಮೂಗು ಒರೆಸಿಕೊಂಡು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ‘ನಾನು ಹೋಗ್ತೀನಲ್ಲ, ಬುಡು. ನನ್ನ ಗುರ್ತು ಹಿಡುದ್ರೆ ಸಾಕು. ಇವಳು ನಿನ್ನ ಚಿಕ್ಕ ಮಗಳು ಅಂತ ನಾನೇ ಕೈ ಹಿಡ್ಕಂಡು ಹೋಗಿ ತೋರುಸ್ತೀನಿ.’

ಇದನ್ನು ನಾನು ನಿಜವಾಗಿ ಕೇಳಿಸಿಕೊಂಡೆನೋ, ಆಮೇಲೆ ಅಕ್ಕ ಹೇಳಿ ಕೇಳಿದ್ದೋ ಗೊತ್ತಿಲ್ಲ. ನಾನಿನ್ನೂ ಶಾಲೆಗೆ ಸೇರಿರಲಿಲ್ಲ.

ಓದು ಮುಗಿಸಿ ಬಂದ ಮೇಲೆ ನಾನು ಊರೂರು ತಿರುಗುವ ಮೇಷ್ಟ್ರಾದೆ. ಶಿರಾದಲ್ಲಿ ಸ್ವಲ್ಪ ದಿನ, ಅಲ್ಲಿ ಯಾರ ಜೊತೆಗೋ ಜಗಳವಾಡಿ ಕೊರಟಗೆರೆ, ಅಲ್ಲಿ ಬೇಸರವಾಗಿ ಮಧುಗಿರಿ, ಮತ್ತೆ ಶಿರಾ. ಎಲ್ಲಿಯೂ ನಿಲ್ಲಲಾಗುತ್ತಿರಲಿಲ್ಲ. ರಜೆಯಲ್ಲಿ ಹಳ್ಳಿಗೆ ಹೋದಾಗ ದೊಡ್ಡವ್ವನ ಜೊತೆ ವಾದಕ್ಕೆ ಕೂರುತ್ತಿದ್ದೆ. ಕಣ್ಣೂ ಮಣ್ಣಾಗುತ್ತದೆ, ಚರ್ಮವೂ ಮಣ್ಣಾಗುತ್ತದೆ, ಹಾಗಿರುವಾಗ ಯಾರು ಯಾರನ್ನು ನೋಡಿ ಗುರುತು ಹಿಡಿಯುವುದು ಎಂದು ಕೇಳಿದ್ದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಾ, ‘ನೀನು ಓದಿರೋನು, ನಿಂಗೆ ಗೊತ್ತು’ ಅಂದಳು. ‘ನಮ್ಮವ್ವನ್ಗೆ ಗೊತ್ತಿಲ್ವಲ್ಲ ಮಗಾ. ಅವ್ಳು ಕಾಯ್ಕಂಡಿರ್ತಾಳೆ.’

ಎಲೆ, ಅಡಿಕೆ, ಸುಣ್ಣ, ಜೊತೆಗೆ ಒಂದು ಚೂರು ಹೊಗೆಸೊಪ್ಪು. ಅದು ಯಾವಾಗಲೂ ಅವಳ ಎಡಗೆನ್ನೆಯಲ್ಲಿ ಇರುತ್ತಿತ್ತು. ಮಲಗುವಾಗಲೂ ಉಗುಳುತ್ತಿರಲಿಲ್ಲ. ಆ ಕೆನ್ನೆಯೊಳಗೆ ಮೊದಲು ಬಿಳಿ ಮಚ್ಚೆಯಾಯಿತು, ಆಮೇಲೆ ಹುಣ್ಣು. ಸಾರಿನ ಖಾರ ತಾಕಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಹುಳುಕು ಹಲ್ಲು ಚುಚ್ಚಿ ಆಗಿರಬೇಕೆಂದು ಒಂದು ಹಲ್ಲು ಕೀಳಿಸಿದರು. ಹಲ್ಲು ಕಿತ್ತ ಜಾಗ ಮಾಯಲೇ ಇಲ್ಲ. ಮಧುಗಿರಿಯ ವೈದ್ಯರೊಬ್ಬರು ಬೆರಳು ಹಾಕಿ ನೋಡಿ, ಕೈ ತೊಳೆಯುತ್ತಾ, ತಡಮಾಡದೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು.

ಬೆಂಗಳೂರಿನ ಆಸ್ಪತ್ರೆಯ ಸರ್ಜನ್ ಸಾವಧಾನದ ಮನುಷ್ಯ. ಅವರ ಮುಂದೆ ದೊಡ್ಡವ್ವ ಸ್ಟೂಲಿನ ಮೇಲೆ, ದೊಡ್ಡಪ್ಪ ಕಂಬಳಿ ಹೊದ್ದು ನೆಲದ ಮೇಲೆ, ನಾನೂ ಅಕ್ಕನೂ ಹಿಂದೆ ನಿಂತು. ಕೆನ್ನೆಯ ಒಳಭಾಗವನ್ನೂ ದವಡೆಯ ಒಂದು ಪಾಲನ್ನೂ ತೆಗೆಯಬೇಕು, ತೆಗೆದರೆ ದೊಡ್ಡ ತೂತಾಗುತ್ತದೆ, ಆ ತೂತಿಗೆ ಹಣೆಯ ಚರ್ಮವನ್ನು ತಿರುಗಿಸಿ ತಂದು ಒಳಗಡೆಯಿಂದ ಹೊಲಿಯುತ್ತೇವೆ ಎಂದು ವಿವರಿಸಿದರು.

‘ಹರುದಿದ್ದಕ್ಕೆ ತೇಪೆ ಹಾಕೋದು ನಮ್ಗೂ ಗೊತ್ತು ಸ್ವಾಮಿ’ ಎಂದ ದೊಡ್ಡಪ್ಪ. ‘ತೇಪೇನ ಹಣೆಯಿಂದ್ಲೇ ಯಾಕೆ ತರ್ಬೇಕು? ತೊಡೆ ಐತೆ, ಬೆನ್ನೈತೆ.’

‘ತೊಡೆಯಿಂದ ಬರೀ ಚರ್ಮ ಕತ್ತರಿಸಿ ತಂದರೆ ಬಾಯೊಳಗೆ ಅದು ಬದುಕಲ್ಲ, ಯಜಮಾನ್ರೇ. ರಕ್ತ ಬರೋ ನರ ಅದರ ಜೊತೆಗೇ ಬರಬೇಕು. ಹಣೆಯ ಚರ್ಮಕ್ಕೆ ಆ ನರ ಇಲ್ಲಿ, ಕಿವಿಯ ಮುಂದೆ ಇದೆ. ಇದನ್ನು ಕಡಿಯದೆ ಚರ್ಮವನ್ನು ಹೀಗೆ ಇಳಿಸ್ತೀವಿ. ಒಳಗೆ ಅಂಟಿಕೊಂಡ ಮೇಲೆ, ಕೆಲವು ವಾರ ಬಿಟ್ಟು, ಮಧ್ಯದ ಪಟ್ಟಿಯನ್ನು ಕಡಿದು ವಾಪಸ್ಸು ಇಡ್ತೀವಿ. ಎದೆಯಿಂದಲೂ ತರಬಹುದು. ಅದಕ್ಕೆ ತುಂಬ ದಿನ ಬೇಕು, ಈ ಕಾಯಿಲೆ ಅಷ್ಟು ದಿನ ಕೊಡಲ್ಲ.’

‘ಬೇರು ಸಮೇತ ಪೈರು ಕಿತ್ತು ನೆಟ್ಟಂಗೆ’ ಎಂದು ದೊಡ್ಡಪ್ಪ ತಲೆಯಾಡಿಸಿದ. ಅವನಿಗೆ ಅರ್ಥವಾಗಿತ್ತು.

ದೊಡ್ಡವ್ವ ಸ್ಟೂಲಿನಿಂದ ಮುಂದಕ್ಕೆ ಬಾಗಿದಳು. ತನ್ನ ಹುಬ್ಬಿನ ನಡುವೆ ಬೆರಳಿಟ್ಟು, ‘ಇದು ಎತ್ತಾಗೆ ಹೋಗ್ತದೆ?’ ಎಂದು ಕೇಳಿದಳು.

ಸರ್ಜನ್ ಆಗ ಬೊಟ್ಟನ್ನು ಗಮನಿಸಿರಬೇಕು. ಬಗ್ಗಿ ನೋಡಿದರು. ಚರ್ಮದ ಜೊತೆ ಕೆನ್ನೆಯ ಒಳಗೆ ಹೋಗುತ್ತದೆ, ಬಾಯಿಯ ಕಡೆಗೆ ಮುಖಮಾಡಿ ಇರುತ್ತದೆ ಎಂದರು. ಆಮೇಲೆ, ಸುಳ್ಳು ಹೇಳಬಾರದೆಂದೋ ಏನೋ, ಬೊಟ್ಟು ಚರ್ಮದ ಅಂಚಿನಲ್ಲೇ ಬರುವುದರಿಂದ ಹೊಲಿಯುವಾಗ ಅದನ್ನು ಕತ್ತರಿಸಬೇಕಾಗಿ ಬಂದರೂ ಬರಬಹುದು ಎಂದೂ ಸೇರಿಸಿದರು.

ಹೊರಗೆ ಬಂದು ಆಸ್ಪತ್ರೆಯ ಜಗಲಿಯಲ್ಲಿ ಕೂತೆವು. ಅವಳು ಒಪ್ಪುವುದಿಲ್ಲ, ಊರಿಗೆ ಹೊರಟುಬಿಡುತ್ತಾಳೆ ಎಂದೇ ನಾನು ಎಣಿಸಿದ್ದೆ. ಮನಸ್ಸಿನಲ್ಲಿ ವಾದಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಅವಳು ನನ್ನ ವಾದ ಕೇಳಲಿಲ್ಲ.

‘ಒಳಿಕ್ಕೆ ಹೋದ್ರೂ ಬೊಟ್ಟು ಬೊಟ್ಟೇ ತಾನೆ ಮಗಾ?’

‘ಹೂಂ ದೊಡ್ಡವ್ವ.’

‘ಬಾಯಿ ತೆಗುದು ತೋರ್ಸುದ್ರೆ ಕಾಣುಸ್ತದಾ?’

‘ಕಾಣುತ್ತೆ.’

‘ಸುಮ್ಕಿದ್ರೆ ಈ ಹುಣ್ಣು ಮಕಾನೆಲ್ಲ ತಿಂದ್ಬುಡ್ತದಂತಲ್ಲ. ಮಕಾನೇ ಇಲ್ದಿದ್ರೆ ಅವ್ವ ಬೊಟ್ಟು ಎಲ್ಲೀಂತ ಹುಡುಕ್ತಾಳೆ?’ ಎದ್ದು ಸೆರಗು ಕೊಡವಿದಳು. ‘ಆ ಡಾಕ್ಟ್ರಪ್ಪನ್ಗೆ ಹೇಳು. ಬೊಟ್ಟು ಮಾತ್ರ ಕಡೀಬ್ಯಾಡ, ಮಿಕ್ಕಿದ್ದು ಅವನಿಷ್ಟ.’

ಆಪರೇಷನ್ನಿನ ಹಿಂದಿನ ಸಂಜೆ ಸರ್ಜನ್ ಬಂದು ನೇರಳೆ ಶಾಯಿಯಲ್ಲಿ ಅವಳ ಹಣೆಯ ಮೇಲೆ ಗೆರೆ ಎಳೆದರು. ಮೇಲೆ ಕೂದಲಂಚು, ಕೆಳಗೆ ಹುಬ್ಬಿನ ಅಂಚು. ದೊಡ್ಡವ್ವ ಪಕ್ಕದ ಹಾಸಿಗೆಯವಳಿಂದ ಚಿಕ್ಕ ಕನ್ನಡಿ ಇಸಕೊಂಡು ನೋಡಿದಳು, ಗೆರೆ ಬೊಟ್ಟಿಗೆ ತಾಗಿಯೇ ಹೋಗಿತ್ತು. ‘ಇನ್ನೊಂಚೂರು ಕೆಳಿಕ್ಕೆ ಬಾ ನನ್ನಪ್ಪ’ ಎಂದಳು. ಅವರು ನಕ್ಕು, ಒದ್ದೆ ಹತ್ತಿಯಲ್ಲಿ ಆ ಭಾಗ ಒರೆಸಿ, ಹುಬ್ಬುಗಳ ನಡುವೆ ನಾಲಿಗೆಯ ಹಾಗೆ ಗೆರೆಯನ್ನು ಕೆಳಗಿಳಿಸಿದರು. ಇದು ನನ್ನ ನೆನಪು. ಅವಳ ಜೊತೆ ವಾರ್ಡಿನಲ್ಲಿ ಉಳಿದಿದ್ದ ಅಕ್ಕ ಹೇಳುವ ಪ್ರಕಾರ ಡಾಕ್ಟರು ಮೊದಲ ಸಲವೇ ಹಾಗೆ ಎಳೆದಿದ್ದರು, ಯಾರೂ ಏನೂ ಕೇಳಲಿಲ್ಲ, ಕನ್ನಡಿ ಇಸಕೊಂಡದ್ದು ತಲೆ ಬಾಚಿಕೊಳ್ಳಲು. ನಾನು ಆ ಸಂಜೆ ಅಲ್ಲಿ ಇದ್ದೆನೇ ಎಂಬುದೇ ಅವಳಿಗೆ ಅನುಮಾನ.

ಆಪರೇಷನ್ ಆದ ಮೇಲೆ ಮೊದಲ ಸಲ ನೋಡಿದಾಗ ಇದು ದೊಡ್ಡವ್ವ ಅಲ್ಲ ಅನ್ನಿಸಿತು. ಮುಖ ಕುಂಬಳಕಾಯಿಯ ಹಾಗೆ ಊದಿತ್ತು. ಹಣೆಗೆ ದಪ್ಪ ಪಟ್ಟಿ. ಕಿವಿಯ ಮುಂದಿನಿಂದ ಒಂದು ಮಾಂಸದ ಪಟ್ಟಿ ಇಳಿದು ಕೆನ್ನೆಯೊಳಕ್ಕೆ ಹೋಗಿತ್ತು. ಮೂಗಿನಲ್ಲಿ ನಳಿಗೆ. ದೊಡ್ಡಪ್ಪ ಹಾಸಿಗೆಯ ಪಕ್ಕ ಬಂದು ನಿಂತು, ‘ನಮ್ಮ ಕುರಿಗಳಿಗೇ ಇಲ್ದಿರೋ ಮೂಗುದಾರ ನಿಂಗೆ ಹಾಕ್ಬುಟ್ಟವ್ರಲ್ಲೇ’ ಎಂದ. ಅವಳು ನಗುವ ಹಾಗಿರಲಿಲ್ಲ. ಕೈಯೆತ್ತಿ ಅವನ ಮೊಣಕೈಗೆ ಮೆಲ್ಲಗೆ ಹೊಡೆದಳು. ಅದನ್ನು ನೋಡಿದ ಮೇಲೆ ನಾವು ಊಟಕ್ಕೆ ಹೋದೆವು.

ಬೊಟ್ಟು ಉಳಿದಿದೆಯೇ ಇಲ್ಲವೇ ಎಂದು ತಿಳಿಯಲು ಊತ ಇಳಿಯುವ ತನಕ ಕಾಯಬೇಕಾಯಿತು. ಸರ್ಜನ್ನರನ್ನು ಕೇಳಬಹುದಿತ್ತು. ದೊಡ್ಡವ್ವ ಬೇಡವೆಂದು ಕೈಯಾಡಿಸಿದಳು. ನಾನೇ ನೋಡಬೇಕಂತೆ. ಅದಕ್ಕಾಗಿ ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಬೆರಳುದ್ದದ ಒಂದು ಟಾರ್ಚ್ ಕೊಂಡೆ. ಮಧ್ಯದ ಪಟ್ಟಿಯನ್ನು ಕಡಿದ ಎರಡನೆಯ ಆಪರೇಷನ್ನೂ ಮುಗಿದ ಮೇಲೆ ಒಂದು ಬೆಳಿಗ್ಗೆ ಅವಳು ಕಿಟಕಿಯ ಕಡೆ ತಿರುಗಿ ಬಾಯಿ ತೆರೆದಳು.

ಒಳಕೆನ್ನೆಯಲ್ಲಿ, ಕೆಂಪು ಮಾಂಸದ ನಡುವೆ, ಹಣೆಯ ಚರ್ಮ ಹಣೆಯ ಬಣ್ಣದಲ್ಲೇ ಇತ್ತು. ಬಾಯೊಳಗೆ ಬಿಸಿಲಿಗೆ ಕಂದಿದ ಚರ್ಮ ನೋಡುವುದು ವಿಚಿತ್ರವಾಗಿತ್ತು. ಅದರ ಮುಂಭಾಗದಲ್ಲಿ, ತುಟಿಯ ಕೊನೆಯಿಂದ ಸ್ವಲ್ಪ ಒಳಗೆ, ಹಸಿರು ಚುಕ್ಕೆ. ಚರ್ಮವನ್ನು ತಿರುಗಿಸಿ ಹೊಲಿದಿದ್ದರಿಂದ ಅಕ್ಕಿಕಾಳಿನ ಗೆರೆ ಕೆಳಗಿರದೆ ಮೇಲಿತ್ತು. ತಲೆಕೆಳಗಾದ ಬೊಟ್ಟು.

‘ಐತೆ ದೊಡ್ಡವ್ವ’ ಎಂದೆ. ಅವಳ ಕಣ್ಣಿಂದ ನೀರು ಇಳಿದು ಹೊಸ ಹೊಲಿಗೆಗಳ ಮೇಲೆ ಹರಿಯಿತು. ಉಪ್ಪು ತಾಗಿ ಉರಿದಿರಬೇಕು. ಒರೆಸಿಕೊಳ್ಳಲಿಲ್ಲ.

ಆಮೇಲೆ ಕರೆಂಟು ಕೊಟ್ಟರು. ವಿಕಿರಣ ಚಿಕಿತ್ಸೆಗೆ ನಮ್ಮವರು ಇಟ್ಟುಕೊಂಡಿದ್ದ ಹೆಸರು ಅದು. ಅದೂ ಮುಗಿದು, ಕೊರಟಗೆರೆ ಮೇಲೆ ಹೋಗುವ ಬಸ್ಸಿನಲ್ಲಿ ಅವಳನ್ನು ಊರಿಗೆ ಕರೆತಂದೆವು. ದಾರಿಯುದ್ದಕ್ಕೂ ಮುಖಕ್ಕೆ ಸೆರಗು ಮುಚ್ಚಿಕೊಂಡು ಕೂತಿದ್ದಳು. ಮಧುಗಿರಿಯ ಬೆಟ್ಟ ಕಂಡ ಮೇಲೆ ಸೆರಗು ಸರಿಸಿದಳು.

ಅವಳ ಹೊಸ ಮುಖವನ್ನು ವರ್ಣಿಸುವುದು ನನಗೆ ಕಷ್ಟ. ಎಡಗಡೆ ದವಡೆ ಒಳಕ್ಕೆ ಹೋಗಿತ್ತು. ತುಟಿಯ ಕೊನೆಯಿಂದ ಜೊಲ್ಲು ಸೋರುತ್ತಿತ್ತು, ಹೆಗಲ ಮೇಲೆ ಸದಾ ಒಂದು ಟವೆಲು. ಹಣೆಗೆ ತೊಡೆಯಿಂದ ತೆಗೆದ ತೆಳುಚರ್ಮ ಅಂಟಿಸಿದ್ದರು. ಅದು ತಗ್ಗಾಗಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು, ಕುಂಕುಮ ಇಟ್ಟರೆ ನಿಲ್ಲದೆ ಉದುರುತ್ತಿತ್ತು. ಮಾತು ತೊದಲಾಗಿತ್ತು. ಎಷ್ಟು ತೊದಲು, ಯಾವ ಅಕ್ಷರ ಹೋಗಿತ್ತು, ಯಾವುದು ಉಳಿದಿತ್ತು ಎಂದು ನೆನಪಿಸಿಕೊಳ್ಳಲು ಯತ್ನಿಸಿ ಸೋತಿದ್ದೇನೆ. ಆಮೇಲೆ ಅವಳಾಡಿದ ಮಾತುಗಳೂ ನನಗೆ ಅವಳ ಹಳೆಯ ಬಾಯಲ್ಲೇ ಕೇಳಿಸುತ್ತವೆ. ಇಲ್ಲಿಯೂ ಹಾಗೆಯೇ ಬರೆದಿದ್ದೇನೆ. ಅದು ನಿಜವಲ್ಲ.

ಮೊದಲ ಕೆಲವು ತಿಂಗಳು ಅವಳು ನೆಮ್ಮದಿಯಾಗಿದ್ದಳು. ನೋಡಲು ಬಂದವರಿಗೆಲ್ಲ ಬಾಯಿ ತೆರೆದು ಬೊಟ್ಟು ತೋರಿಸುತ್ತಿದ್ದಳು. ನಾನಿದ್ದರೆ ನನ್ನ ಟಾರ್ಚೇ ಬೆಳಕು. ಅವಳ ಓರಗಿತ್ತಿ, ದೊಡ್ಡಪ್ಪನ ತಮ್ಮನ ಹೆಂಡತಿ, ಒಂದೇ ಹಟ್ಟಿಯಲ್ಲಿದ್ದವಳು, ನಾಲಿಗೆ ಚುರುಕು. ಬೊಟ್ಟನ್ನು ಇಣುಕಿ ನೋಡಿ ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು. ‘ಹಣೇಲಿ ಬರ್ದಿದ್ನ ನುಂಗಿ ಕೂತವ್ಳೆ ಕಣ್ರೇ ನಮ್ಮಕ್ಕ. ಇನ್ನ ಇವಳ್ಗೆ ಯಾತರ ಭಯ?’

‘ನಿಂದೂ ನುಂಗುಸ್ಲಾ?’ ಎಂದಳು ದೊಡ್ಡವ್ವ.

‘ನಂದೇನೈತೆ ನುಂಗಕ್ಕೆ, ನಿಮ್ಮ ಮೈದುನನ ಕೈಯಾಗೆ ಬಿದ್ದಾಗ್ಲೇ ಎಲ್ಲ ಅಳ್ಸೋಯ್ತು.’

ಇಬ್ಬರೂ ನಕ್ಕರು. ದೊಡ್ಡವ್ವ ಟವೆಲಿನಿಂದ ಬಾಯಿ ಒರೆಸಿಕೊಂಡಳು.

ಬಾಯಿ ಬಿಗಿಯಲು ಶುರುವಾದದ್ದು ಯಾವಾಗ ಎಂದು ಯಾರಿಗೂ ತಿಳಿಯಲಿಲ್ಲ. ಮುದ್ದೆಗೆ ಅಗಿಯುವ ಹಲ್ಲು ಬೇಕಿಲ್ಲ, ಬಾಯಿ ತೆರೆದರೆ ಸಾಕು. ಅವಳ ತುತ್ತು ಚಿಕ್ಕದಾಗುತ್ತಾ ಬಂತು, ಮುದ್ದೆ ಹೋಗಿ ಅಂಬಲಿ ಬಂತು. ಒಂದು ರಜೆಯಲ್ಲಿ ನಾನು ಟಾರ್ಚ್ ಬಿಟ್ಟಾಗ ಹಲ್ಲುಗಳ ನಡುವೆ ಒಂದು ಬೆರಳು ತೂರುವಷ್ಟೇ ಜಾಗ. ಬೆಳಕು ನಾಲಿಗೆಯ ಮೇಲೆ ಬಿತ್ತು, ಕೆನ್ನೆಯ ಕಡೆಗೆ ತಿರುಗಲಿಲ್ಲ.

‘ಕಾಣುಸ್ತದಾ?’

‘ಇನ್ನೊಂಚೂರು ತೆಗಿ ದೊಡ್ಡವ್ವ.’

‘ಇಷ್ಟೇ ಬರಾದು.’

ಬೆಂಗಳೂರಿನ ಸರ್ಜನ್, ಗಾಯದ ಕಲೆ ಮತ್ತು ಕರೆಂಟು ಎರಡೂ ಸೇರಿ ದವಡೆಯ ಸ್ನಾಯುಗಳನ್ನು ಬಿಗಿದಿವೆ, ಇಂಥ ಆಪರೇಷನ್ ಆದವರಲ್ಲಿ ಇದು ಆಗುವುದುಂಟು ಎಂದರು. ಚಪ್ಪಟೆ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳಬೇಕು, ದಿನ ಕಳೆದ ಹಾಗೆ ಒಂದೊಂದು ಕಡ್ಡಿ ಸೇರಿಸುತ್ತಾ ಹೋಗಬೇಕು ಎಂದು ತೋರಿಸಿಕೊಟ್ಟರು. ಆ ಕಡ್ಡಿಗಳು ಜೊಲ್ಲಿಗೆ ನೆನೆದು ಬೇಗ ಮುರಿದವು. ದೊಡ್ಡಪ್ಪ ಹುಣಸೆ ಮರದಲ್ಲಿ ಬೆಣೆ ಕೆತ್ತಿದ. ಗುದ್ದಲಿಯ ಕಾವು ಸಡಿಲವಾದರೆ ಬಡಿಯುತ್ತಾರಲ್ಲ, ಅಂಥ ಬೆಣೆ, ಆದರೆ ಮಗುವಿನ ಆಟಿಕೆಯಷ್ಟು ನಯ. ತೆಳ್ಳಗಿನದು, ಅದಕ್ಕಿಂತ ದಪ್ಪದ್ದು, ಇನ್ನೂ ದಪ್ಪದ್ದು, ಗೋಡೆಯ ಗೂಡಿನಲ್ಲಿ ಸಾಲಾಗಿ ಇಟ್ಟಿದ್ದ.

‘ಗುದ್ಲಿಗೆ ಹಾಕಾ ಬೆಣೇನ ಹೆಂಡ್ರಿಗೆ ಹಾಕಂಗಾಯ್ತು ಮೇಷ್ಟ್ರೇ’ ಎನ್ನುತ್ತಿದ್ದ ನನಗೆ. ‘ಇಷ್ಟು ವರ್ಷ ಬಾಯಿ ಮುಚ್ಚೇ ಅಂತ ಬಡ್ಕಂಡೆ. ಈಗ ತೆಗಿಯೇ ಅಂತ ಬಡ್ಕಂತೀನಿ.’

ಅವಳು ಹಟ್ಟಿಯ ಮೂಲೆಯಲ್ಲಿ ಗೋಡೆಗೊರಗಿ ಕೂತು ಬೆಣೆಯನ್ನು ಹಲ್ಲುಗಳ ನಡುವೆ ತುರುಕಿಕೊಳ್ಳುತ್ತಿದ್ದಳು. ಕೆನ್ನೆಯ ನರಗಳು ಸೆಟೆಯುತ್ತಿದ್ದವು. ಮೂಗಿನಿಂದ ಸಣ್ಣ ಸದ್ದು ಬರುತ್ತಿತ್ತು. ಕುರಿ ಬಿಡುವ ಮುಂಚೆ, ಕುರಿ ಬಂದ ಮೇಲೆ, ನಡುವೆ ಬಿಡುವಾದಾಗಲೆಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಸರ್ಜನ್ ಬೆಣೆಗಳನ್ನು ಕೈಯಲ್ಲಿ ತಿರುಗಿಸಿ ನೋಡಿ ಮೆಚ್ಚಿಕೊಂಡರು. ಬೇರೆ ರೋಗಿಗಳನ್ನು ಕರೆದು, ಈ ಅಮ್ಮ ಊಟ ಮಾಡಬೇಕೆಂದು ಎಷ್ಟು ಕಷ್ಟಪಡುತ್ತಾರೆ ನೋಡಿ ಎಂದರು. ದೊಡ್ಡವ್ವ ನನ್ನ ಮುಖ ನೋಡಿದಳು. ಊಟದ ಗೊಡವೆ ಅವಳಿಗೆ ಇರಲೇ ಇಲ್ಲ. ಅಂಬಲಿಯಲ್ಲಿ ಅವಳಿಗೆ ಸಾಕಾಗುತ್ತಿತ್ತು. ನಾನು ತಿದ್ದಲಿಲ್ಲ. ತಿದ್ದಿದ್ದರೆ ಏನೆಂದು ಹೇಳುತ್ತಿದ್ದೆ? ಇವಳು ಸತ್ತ ತಾಯಿಗೆ ಬಾಯಿ ತೋರಿಸಲು ತಾಲೀಮು ಮಾಡುತ್ತಿದ್ದಾಳೆ ಎಂದೇ?

ಬೆರಳಿನಷ್ಟಿದ್ದದ್ದು ಎರಡು ಬೆರಳಿನಷ್ಟಾಯಿತು ಎಂದು ದೊಡ್ಡಪ್ಪ ಹೇಳಿಕಳಿಸಿದ. ನಾನು ಹೋಗುವ ಹೊತ್ತಿಗೆ ಮತ್ತೆ ಬಿಗಿದಿತ್ತು. ಈ ಸಲ ಕಾರಣ ಬೇರೆ. ದವಡೆಯ ಕೆಳಗೆ ಕಲ್ಲಿನಂಥ ಗಂಟು ಎದ್ದಿತ್ತು.

ಮತ್ತೆ ಬೆಂಗಳೂರಿಗೆ ಕರೆದೊಯ್ದಾಗ ಸರ್ಜನ್ ಆ ಗಂಟನ್ನು ಒತ್ತಿ ನೋಡಿದರು. ದೊಡ್ಡವ್ವ ಗಂಟಿನ ಮಾತೆತ್ತಲಿಲ್ಲ. ಬೊಟ್ಟು ಇದೆಯೇ ಎಂದು ನನ್ನಿಂದ ಕೇಳಿಸಿದಳು. ಅವರು ತಮ್ಮ ಸಣ್ಣ ದೀಪ, ಕನ್ನಡಿ ಎರಡನ್ನೂ ತೂರಿಸಲು ನೋಡಿದರು. ‘ಕಾಣ್ತಿಲ್ಲಮ್ಮ. ಬಾಯಿ ಇನ್ನಷ್ಟು ತೆರೀಬೇಕು’ ಎಂದರು. ನನ್ನನ್ನು ಪಕ್ಕಕ್ಕೆ ಕರೆದು, ಕಾಯಿಲೆ ಮರಳಿದೆ, ಇನ್ನು ಮಾಡುವುದೇನೂ ಉಳಿದಿಲ್ಲ ಎಂದರು. ನಾವು ಹೊಲಿದ ಚರ್ಮ ಚೆನ್ನಾಗಿಯೇ ಹಿಡಿದಿತ್ತು, ಆದರೆ ಅದರ ಅಡಿಯಿಂದಲೇ ಕಾಯಿಲೆ ಎದ್ದಿದೆ, ಆ ಚರ್ಮದಲ್ಲಿ ಎಷ್ಟು ಉಳಿದಿದೆಯೋ ಹೇಳಲಾರೆ ಎಂದರು. ಅವರ ಮುಖದಲ್ಲಿ ನಿಜವಾದ ದುಃಖವಿತ್ತು.

ದೊಡ್ಡವ್ವ ಕೇಳಿಸಿಕೊಂಡದ್ದು ಅವರ ಮೊದಲ ಮಾತನ್ನು ಮಾತ್ರ. ಬಸ್ಸಿನಲ್ಲಿ ದೊಡ್ಡಪ್ಪನಿಗೆ, ‘ಇನ್ನೂ ದಪ್ಪುಂದು ಒಂದು ಕೆತ್ತು. ಇನ್ನಷ್ಟು ತೆರೀಬೇಕಂತೆ’ ಎಂದಳು. ದೊಡ್ಡಪ್ಪ ನನ್ನತ್ತ ನೋಡಿ, ನನ್ನ ಮುಖದಲ್ಲೇ ಎಲ್ಲ ಓದಿಕೊಂಡು, ‘ಕೆತ್ತಾನ ಬುಡು’ ಎಂದ. ಕೆತ್ತಿದ. ಅದು ಅವಳ ಹಲ್ಲುಗಳ ನಡುವೆ ಒಂದು ದಿನವೂ ತೂರಲಿಲ್ಲ.

ಅವಳು ಹೋದದ್ದು ಬೆಳಿಗ್ಗೆ. ಸುದ್ದಿ ಮುಟ್ಟಿ ನಾನು ಶಿರಾದಿಂದ ಮಧುಗಿರಿಗೆ, ಅಲ್ಲಿಂದ ಊರಿಗೆ ಬರುವಾಗ ಮಧ್ಯಾಹ್ನವಾಗಿತ್ತು. ನೀರು ಹಾಕಿ, ಹಳದಿ ಸೀರೆ ಉಡಿಸಿ, ಹಟ್ಟಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಬೆಣೆ ಹಿಡಿದು ಅವಳು ಕೂರುತ್ತಿದ್ದ ಅದೇ ಗೋಡೆ. ಹೊಳೆಯುವ ಹಣೆಗೆ ಯಾರೋ ಕುಂಕುಮವನ್ನು ಒದ್ದೆ ಮಾಡಿ ಬಳಿದಿದ್ದರು. ಓರಗಿತ್ತಿ ಹಳೆ ಸೀರೆಯ ಅಂಚು ಹರಿದುಕೊಂಡು ಬಂದಳು. ಸತ್ತವರ ಬಾಯಿ ತೆರೆದುಕೊಳ್ಳದಿರಲೆಂದು ಗದ್ದದ ಕೆಳಗಿಂದ ತಲೆಗೆ ಬಿಗಿಯಾಗಿ ಕಟ್ಟುತ್ತಾರೆ. ಎಲ್ಲ ಕಡೆ ಮಾಡುವುದೇ.

‘ತಡಿ’ ಎಂದ ದೊಡ್ಡಪ್ಪ. ಅವಳು ತಡೆದಳು. ಅವನು ನನ್ನ ಕಡೆ ತಿರುಗಿದ. ‘ಮೇಷ್ಟ್ರೇ, ಬ್ಯಾಟ್ರಿ ಬುಟ್ಟು ನೋಡು. ಐತಾ?’

ನಾನು ಮೊಣಕಾಲೂರಿ ಕೂತೆ. ಆಸ್ಪತ್ರೆಯ ದಿನಗಳಿಂದ ಆ ಟಾರ್ಚ್ ನನ್ನ ಅಂಗಿಯ ಜೇಬಿನಲ್ಲೇ ಇರುತ್ತಿತ್ತು, ಹಾಗಾಗಿ ಅದು ಅಂದೂ ಇದ್ದಿರಬೇಕು. ಅವಳ ಬಾಯಿ ಬದುಕಿದ್ದಾಗ ಎಷ್ಟು ತೆರೆಯುತ್ತಿತ್ತೋ ಅಷ್ಟೇ ತೆರೆದಿತ್ತು, ಒಂದು ತೆಳ್ಳನೆಯ ಬೆಣೆಯಷ್ಟು. ಹಳದಿ ಬೆಳಕು ಹಲ್ಲಿನ ಮೇಲೆ ಬಿತ್ತು. ಅದರಾಚೆ ಕತ್ತಲು. ಕತ್ತಲಲ್ಲಿ ಹಸಿರು.

ಹಸಿರನ್ನು ನೋಡಿದೆ ಎಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಆಮೇಲೊಂದು ದಿನ, ತರಗತಿಯಲ್ಲಿ ಮಸೂರದ ಪಾಠ ಮಾಡುತ್ತಾ ಬೋರ್ಡಿನ ಮೇಲೆ ತಲೆಕೆಳಗಾದ ಬಿಂಬ ಬರೆಯುತ್ತಿದ್ದಾಗ, ಸೀಮೆಸುಣ್ಣ ಕೈಯಲ್ಲೇ ನಿಂತಿತು. ನನ್ನ ನೆನಪಿನ ಬಾಯಿಯಲ್ಲಿ ಚುಕ್ಕೆ ಮೇಲಿದೆ, ಗೆರೆ ಕೆಳಗಿದೆ. ಕೆನ್ನೆಯೊಳಗೆ ಅದು ಹಾಗಿರಲಿಲ್ಲ. ಅದು ಹಣೆಯ ಮೇಲಿದ್ದ ಬೊಟ್ಟು, ನಾನು ಅವಳ ತೊಡೆಯ ಮೇಲೆ ಮಲಗಿ ಮೇಲೆ ನೋಡುತ್ತಿದ್ದ ಕಾಲದ್ದು. ಆ ಮಧ್ಯಾಹ್ನ ನಾನು ಏನನ್ನು ನೋಡಿದೆ? ಏನನ್ನಾದರೂ ನೋಡಿದೆನೇ?

‘ಐತೆ’ ಎಂದೆ.

‘ಹಂಗಾದ್ರೆ ಕಟ್ಬ್ಯಾಡ ಬುಡು’ ಎಂದ ದೊಡ್ಡಪ್ಪ. ಓರಗಿತ್ತಿ ಆ ಅಂಚನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಕ್ಕ ಇದನ್ನು ಒಪ್ಪುವುದಿಲ್ಲ. ಟಾರ್ಚ್ ಇರಲಿಲ್ಲ, ದೊಡ್ಡಪ್ಪ ಆಗ ಹಟ್ಟಿಯಲ್ಲೇ ಇರಲಿಲ್ಲ, ಗುಣಿ ತೋಡುವ ಕಡೆಗೆ ಹೋಗಿದ್ದ, ಗದ್ದ ಕಟ್ಟದೆ ಬಿಟ್ಟದ್ದು ಓರಗಿತ್ತಿಯೇ ಎನ್ನುತ್ತಾಳೆ. ಆದರೆ ನಾನು ‘ಐತೆ’ ಎಂದದ್ದು ಒಳಮನೆಯಲ್ಲಿದ್ದ ಅವಳಿಗೂ ಕೇಳಿಸಿತ್ತು. ಯಾರು ಏನು ಕೇಳಿದ್ದಕ್ಕೆ ಹಾಗೆಂದೆ ಎಂಬುದು ಮಾತ್ರ ಅವಳಿಗೆ ಗೊತ್ತಿಲ್ಲ. ಕಟ್ಟಲಿಲ್ಲ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ.

ಬಾಯಿ ತೆರೆದಿದ್ದರಿಂದ ಮಣ್ಣು ಒಳಗೆ ಹೋಗುತ್ತದೆ ಎಂದು ಗುಣಿಯ ಹತ್ತಿರ ಯಾರೋ ಅಂದರು. ದೊಡ್ಡಪ್ಪ ಒಂದು ವೀಳ್ಯದೆಲೆ ಕೇಳಿ, ಇಳಿದು, ಅದನ್ನು ಅವಳ ತುಟಿಗಳ ಮೇಲೆ ಇಟ್ಟ. ಆಪರೇಷನ್ ಆದಂದಿನಿಂದ ಅವಳು ಎಲೆ ಮುಟ್ಟಿರಲಿಲ್ಲ. ಇದನ್ನು ನಾನೊಬ್ಬನೇ ನೋಡಿದ್ದಲ್ಲ. ಎಲೆಯನ್ನು ಒರೆಸಿ ಅವನ ಕೈಗೆ ಕೊಟ್ಟವಳು ಅಕ್ಕನೇ.